ಮೂರು ಕೊಟೇಶನ್, ಮೂರು ರೇಟು: ಮನೆ ಕಟ್ಟೋಕೆ ಯಾರಿಗೆ ಕೊಡ್ಲಿ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಯಜಮಾನ್ರು ಪುಣೆಯಲ್ಲಿ ಕೆಲಸದಲ್ಲಿದಾರೆ, ತಿಂಗಳಿಗೊಂದ್ಸಲ ಬರ್ತಾರೆ. 30-40 ದೂಡಾ (ನಗರಾಭಿವೃದ್ಧಿ ಪ್ರಾಧಿಕಾರದ) ಸೈಟಿದೆ, ಕಪ್ಪು ಮಣ್ಣು. ಕೆಳಗೆ 9 ಚದರ (ಒಂದು ಚದರ ಅಂದ್ರೆ 100 ಚದರ ಅಡಿ), ಮೇಲೆ 9 ಚದರ, ಒಟ್ಟು 18 ಚದರ ಕಟ್ಟಿಸಬೇಕು ಅಂತ ಇದೀವಿ. ಬ್ಯಾಂಕ್ ಲೋನ್ 30 ಲಕ್ಷ ಸ್ಯಾಂಕ್ಷನ್ ಆಗಿದೆ, ಕೈಯಲ್ಲಿ ಒಂದು 8 ಲಕ್ಷ ಇದೆ. ಮೂರು ಕಡೆ ಕೊಟೇಶನ್ ತಗೊಂಡೆ. ಒಬ್ರು ಪಕ್ಕದ ಮನೆಯವರ ಸಂಬಂಧಿ, ಅಡಿಗೆ 1,650 ಅಂದ್ರು, ಆದ್ರೆ ಮೊದಲೇ 5 ಲಕ್ಷ ಅಡ್ವಾನ್ಸ್ ಬೇಕಂತೆ. ಇನ್ನೊಬ್ರು ಮೇಸ್ತ್ರಿ ಆಗಿದ್ದವರು, ಈಗ ಕಾಂಟ್ರಾಕ್ಟರ್, 1,950 ಅಂದ್ರು. ಮೂರನೇದು ಬೆಂಗಳೂರಿನ ಕಂಪನಿ, ಆ್ಯಪ್ ಎಲ್ಲಾ ಇದೆ, 10 ವರ್ಷ ವಾರಂಟಿ ಅಂತಾರೆ, 2,300. ಅತ್ತೆ ಮಾವ 'ಗುರುತಿನವರಿಗೇ ಕೊಡು, ನಾಳೆ ಕೇಳೋಕಾದ್ರೂ ಆಗುತ್ತೆ' ಅಂತಿದಾರೆ. ಸ್ಟಾಫ್ ರೂಮಲ್ಲಿ 'ರೇರಾ ನಂಬರ್ (ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ) ಇಲ್ದೋರಿಗೆ ಕೊಡ್ಲೇಬೇಡಿ' ಅಂದ್ರು. ತಮ್ಮ 'ಮೆಟೀರಿಯಲ್ ನಾವೇ ತಂದು ಲೇಬರ್ ಮಾತ್ರ ಕೊಡೋಣ, 4-5 ಲಕ್ಷ ಉಳಿಯುತ್ತೆ' ಅಂತಾನೆ. ನಂಗೆ ಸಿಮೆಂಟು ಕಬ್ಬಿಣ ಏನೂ ಗೊತ್ತಿಲ್ಲ ಸರ್. ಯಾರನ್ನ ನಂಬಲಿ? ಕೊಟೇಶನ್‌ಗಳ ಫೋಟೋ ಕಳಿಸಿದೀನಿ.

ಉತ್ತರ:

ಮೇಡಂ, ಮೂರೂ ಕೊಟೇಶನ್ ನೋಡಿದೆ. ನಿಮ್ಮ ಭಯ ಏನು ಅಂತ ಅರ್ಥ ಆಯ್ತು, ಜೀವಮಾನದ ದುಡ್ಡು, ಯಜಮಾನ್ರು ಊರಲ್ಲಿಲ್ಲ, ಮೋಸ ಹೋದ್ರೆ 'ನೀನೇ ತಾನೇ ನೋಡಿ ಕೊಟ್ಟಿದ್ದು' ಅನ್ನಿಸ್ಕೋಬೇಕಾಗುತ್ತೆ ಅಂತ. ನಾನು ಸಿವಿಲ್ ಇಂಜಿನಿಯರ್ ಆಗಿ 22 ವರ್ಷ ಆಯ್ತು, ಈ ಪ್ರಶ್ನೆ ವಾರಕ್ಕೊಂದಾದ್ರೂ ಬರುತ್ತೆ, ಎಲ್ಲರೂ ಕೇಳೋದು ಯಾರು ಒಳ್ಳೆಯವರು ಅಂತಾನೇ. ಅದಕ್ಕಿಂತ ಮೊದಲು ಆ ರೇಟನ್ನ ಬಿಚ್ಚಿ ನೋಡ್ಬೇಕು.

ನಿಮ್ಮ ಮೂರನೇ ಕೊಟೇಶನ್ ಕೊನೇ ಪೇಜಲ್ಲಿ ಸಣ್ಣ ಅಕ್ಷರದಲ್ಲಿ 'ಜಿಎಸ್‌ಟಿ ಸೇರಿ' ಅಂತಿದೆ ನೋಡಿ. ಎರಡನೇದ್ರಲ್ಲಿ ಜಿಎಸ್‌ಟಿ ಮಾತೇ ಇಲ್ಲ. ಮೆಟೀರಿಯಲ್ ಸಮೇತ ಕಾಂಟ್ರಾಕ್ಟ್‌ಗೆ ಸಾಮಾನ್ಯವಾಗಿ 18 ಪರ್ಸೆಂಟ್ ಬೀಳುತ್ತೆ. 1,950ಕ್ಕೆ 18 ಪರ್ಸೆಂಟ್ ಸೇರಿಸಿ, 2,301 ಬರುತ್ತೆ. ಅಂದ್ರೆ ಮೇಸ್ತ್ರಿದೂ ಕಂಪನಿದೂ ಒಂದೇ ರೇಟು ಮೇಡಂ, ಒಬ್ರು ಬಿಲ್ ಕೊಡ್ತಾರೆ, ಇನ್ನೊಬ್ರು ಕೊಡಲ್ಲ ಅಷ್ಟೇ. ಈಗ ಮೊದಲನೇದು, 1,650ರದ್ದು. ಅದು ಒಂದೇ ಪೇಜು, ಅದ್ರಲ್ಲಿ ಸಂಪು ಇಲ್ಲ, ಕಾಂಪೌಂಡ್ ಇಲ್ಲ, ಗೇಟ್ ಇಲ್ಲ, ಪಾಯ 5 ಅಡಿ ದಾಟಿದ್ರೆ ಎಕ್ಸ್‌ಟ್ರಾ ಅಂತ ಬರೆದಿದಾರೆ, ಎಷ್ಟು ಎಕ್ಸ್‌ಟ್ರಾ ಅಂತ ಬರೆದಿಲ್ಲ. ಎರಡನೆಯವರು ಇವೆಲ್ಲಾ ಸೇರಿಸಿದಾರೆ. ಇವನ್ನೆಲ್ಲ ಹಾಕಿ ನಾನು ಪೆನ್ನಲ್ಲೇ ಲೆಕ್ಕ ಮಾಡಿದೆ, ಅದೂ 1,900ರ ಹತ್ರ ಬಂದು ನಿಲ್ಲುತ್ತೆ. ಹಾಗಾಗಿ ನಿಮ್ಮ ಕೈಲಿರೋದು ಮೂರು ರೇಟಲ್ಲ, ಒಂದೇ ರೇಟನ್ನ ಮೂರು ಜನ ಮೂರು ತರ ಬರೆದಿದಾರೆ. ಅಡಿಗೆ 300 ಉಳಿಯುತ್ತೆ ಅಂತ ಮೊದಲನೆಯವರಿಗೆ ಕೊಟ್ಟಿದ್ರೆ ಆ ದುಡ್ಡು ಕಟ್ಟೋವಾಗ 'ಮೇಡಂ ಇದು ನಮ್ ಲೆಕ್ಕದಲ್ಲಿ ಬರಲ್ಲ' ಅಂತ ಒಂದೊಂದೇ ಹೊರಗೆ ಬರ್ತಿತ್ತು.

ಅಳತೆ ವಿಷಯನೂ ಕೇಳ್ಕೊಳ್ಳಿ. 18 ಚದರ ಅಂದ್ರೆ ಯಾವ ಅಳತೆ? ಗೋಡೆ ಹೊರಗಿಂದ ಹೊರಗಾ, ಬಾಲ್ಕನಿ ಪೂರ್ತಿನಾ ಅರ್ಧನಾ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಸೇರುತ್ತಾ, ಕಾರ್ ನಿಲ್ಲಿಸೋ ಪೋರ್ಟಿಕೋಗೆ ಫುಲ್ ರೇಟಾ ಹಾಫ್ ರೇಟಾ. ಈ ನಾಲ್ಕರಲ್ಲೇ ಒಂದೂವರೆ ಎರಡು ಚದರ ಆಚೆ ಈಚೆ ಆಗುತ್ತೆ, ಎರಡು ಚದರ ಅಂದ್ರೆ ಸುಮಾರು 4 ಲಕ್ಷ.

ಈಗ 'ಗುರುತಿನವರು' ವಿಷಯ. ನಿಮ್ಮ ಅತ್ತೆ ಮಾವನ ಮಾತು ಪೂರ್ತಿ ತಪ್ಪಲ್ಲ, ಆದ್ರೆ ನಾಳೆ ಕೇಳೋಕಾಗುತ್ತೆ ಅಂತಾರಲ್ಲ, ನನ್ನ ಅನುಭವದಲ್ಲಿ ಗುರುತಿನವರನ್ನೇ ಕೇಳೋಕಾಗಲ್ಲ. ನಮ್ಮ ಸೋದರಮಾವನ ಮನೆಗೇ ಹೀಗಾಯ್ತು, ಆಗ ನಾನು ಡಿಗ್ರಿ ಮುಗಿಸಿ ನಾಲ್ಕೈದು ವರ್ಷ ಆಗಿತ್ತು. ಕಾಂಟ್ರಾಕ್ಟರ್ ನಮ್ಮೂರಿನವನೇ, ಮದುವೆ ಮುಂಜಿಗೆ ಬರೋನು, ಅಗ್ರಿಮೆಂಟ್ ಕೇಳೋಕೆ ಮಾವನಿಗೆ ನಾಚಿಕೆ. ಮೇಲಿನ ಮೋಲ್ಡ್ (ಕಾಂಕ್ರೀಟ್ ಮಾಳಿಗೆ) ಹಾಕಿದ ವಾರಕ್ಕೆ ಬಾಗಿಲು ಕಿಟಕಿಗೆ ಅಂತ ಮೂರು ಲಕ್ಷ ಇಸ್ಕೊಂಡ, ಆಮೇಲೆ ಏಳು ತಿಂಗಳು ಕೆಲಸ ನಿಂತು ಹೋಯ್ತು. ಅವನು ಓಡಿಹೋಗಿರ್ಲಿಲ್ಲ ಮೇಡಂ, ದಿನಾ ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಸಿಗ್ತಿದ್ದ, 'ಮಾವ ಬರೋ ಸೋಮವಾರ' ಅಂತಿದ್ದ. ಆ ಮೂರು ಲಕ್ಷ ಬೇರೆ ಯಾರದೋ ಮನೆಗೆ ಟೈಲ್ಸ್ ಆಗಿ ಕೂತಿತ್ತು.

ಈ ಲೈನಲ್ಲಿ ಕೆಲಸ ಕೆಡೋದು ಬಹುಪಾಲು ಹೀಗೇ. ಕಾಂಟ್ರಾಕ್ಟರ್ ಕಳ್ಳ ಅಂತ ಶುರು ಮಾಡಲ್ಲ. ನಾಲ್ಕು ಸೈಟು ಒಟ್ಟಿಗೆ ಹಿಡಿದಿರ್ತಾನೆ, ಶನಿವಾರ ಬಂದ್ರೆ ಬಟವಾಡೆ ಕೊಡ್ಬೇಕು, ಒಂದು ಕಡೆ ಓನರ್ ದುಡ್ಡು ಲೇಟ್ ಮಾಡ್ತಾರೆ, ಇನ್ನೊಂದು ಕಡೆ ರೇಟ್ ಕಮ್ಮಿ ಹೇಳಿ ಲಾಸ್ ಆಗಿರುತ್ತೆ, ಆವಾಗ ಹೊಸದಾಗಿ ಬಂದ ಅಡ್ವಾನ್ಸ್ ತೆಗೆದು ಹಳೇ ಸೈಟಿಗೆ ಹಾಕ್ತಾನೆ. ಹೊಸ ಅಡ್ವಾನ್ಸ್ ಬರ್ತಾ ಇರೋ ತನಕ ಗಾಡಿ ಓಡುತ್ತೆ. ಯಾವಾಗ ಹೊಸ ಕೆಲಸ ಸಿಗಲ್ವೋ ಆವಾಗ ಕೊನೇಲಿ ಕೊಟ್ಟವರ ಮನೆ ನಿಲ್ಲುತ್ತೆ. ಹಾಗಾಗಿ 18 ಚದರದ ಮನೆಗೆ ಗುದ್ದಲಿ ಪೂಜೆಗೂ ಮೊದಲೇ 5 ಲಕ್ಷ ಕೇಳಿದ್ರು ಅಂದಾಗ ನಂಗೆ ರೇಟಿಗಿಂತ ಅದೇ ಕಣ್ಣಿಗೆ ಬಿತ್ತು. ಸೈಟ್ ಕ್ಲೀನ್ ಮಾಡಿ, ಮಾರ್ಕಿಂಗ್ ಹಾಕಿ, ಪಾಯ ತೆಗೆದು, ಒಂದು ಲೋಡ್ ಕಲ್ಲು ಜಲ್ಲಿ ಇಳಿಸೋಕೆ ಒಂದೂವರೆ ಎರಡು ಲಕ್ಷ ಸಾಕು.

ರೇರಾ ಬಗ್ಗೆ. 2016ರ ರೇರಾ ಕಾಯ್ದೆ ಇರೋದು ಅಪಾರ್ಟ್‌ಮೆಂಟು, ಲೇಔಟು ಮಾಡಿ ಮಾರೋ ಬಿಲ್ಡರ್‌ಗಳಿಗೆ, ಅದೂ ಜಾಗ 500 ಚದರ ಮೀಟರ್ ಅಥವಾ 8 ಫ್ಲ್ಯಾಟ್ ದಾಟಿದ್ರೆ. ಗಿರಾಕಿ ದುಡ್ಡಲ್ಲಿ 70 ಪರ್ಸೆಂಟ್ ಬೇರೆ ಅಕೌಂಟಲ್ಲಿ ಇಡ್ಬೇಕು, ಸ್ವಾಧೀನ ಕೊಟ್ಟು 5 ವರ್ಷದ ಒಳಗೆ ಕಟ್ಟಡದಲ್ಲಿ ದೋಷ ಕಂಡ್ರೆ ಬಿಲ್ಡರೇ ಸರಿ ಮಾಡಿಕೊಡ್ಬೇಕು, ಇವೆಲ್ಲಾ ಅಲ್ಲಿ ಉಂಟು. ನಿಮ್ಮ ಸ್ವಂತ ಸೈಟಲ್ಲಿ ನಿಮಗೋಸ್ಕರ ಮನೆ ಕಟ್ಟಿಕೊಡೋ ಕಾಂಟ್ರಾಕ್ಟರ್‌ಗೆ ಆ ಕಾಯ್ದೆ ಅನ್ವಯನೇ ಆಗಲ್ಲ, ಅವನ ಹತ್ರ ರೇರಾ ನಂಬರ್ ಕೇಳಿದ್ರೆ ಪಾಪ ಎಲ್ಲಿಂದ ತರ್ತಾನೆ. ಹಂಗಂತ ನಿಮಗೆ ದಾರಿ ಇಲ್ಲ ಅಂತಲ್ಲ. ಮನೆ ಕಟ್ಟಿಕೊಡೋದೂ 'ಸೇವೆ' ಅಂತ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೇ ಇದೆ, 50 ಲಕ್ಷದ ಒಳಗಿಂದು ಜಿಲ್ಲಾ ಗ್ರಾಹಕ ಆಯೋಗದಲ್ಲೇ ಹಾಕಬಹುದು, ಎರಡು ವರ್ಷದ ಒಳಗೆ ಹಾಕ್ಬೇಕು. ಆದ್ರೆ ಅಲ್ಲಿ ಹೋಗಿ ನಿಂತಾಗ ಕೇಳೋದು ಕಾಗದ. ಅಗ್ರಿಮೆಂಟ್ ಎಲ್ಲಿ, ದುಡ್ಡು ಕೊಟ್ಟಿದ್ದಕ್ಕೆ ದಾಖಲೆ ಎಲ್ಲಿ. ಅದಕ್ಕೇ ಒಂದು ರೂಪಾಯಿನೂ ಕ್ಯಾಶ್ ಕೊಡ್ಬೇಡಿ, ಬ್ಯಾಂಕಿಂದಾನೇ ಹೋಗ್ಲಿ. 'ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ' ಅನ್ನೋದು ಊರೆಲ್ಲಾ ನಡೆಯೋ ವ್ಯವಹಾರ, ನಾನು ಉಪದೇಶ ಮಾಡೋಕೆ ಬಂದಿಲ್ಲ, ಆದ್ರೆ ಬಿಲ್ ಇಲ್ದೇ ಇದ್ರೆ ಗಲಾಟೆ ಆದಾಗ ನಿಮ್ಮ ಕೈ ಖಾಲಿ ಇರುತ್ತೆ ಅನ್ನೋದು ಗೊತ್ತಿರ್ಲಿ.

ಇನ್ನು 10 ವರ್ಷ ವಾರಂಟಿ. ಅದು ಕಂಪನಿ ಬಾಗಿಲು ತೆಗೆದಿರೋ ತನಕ ಮಾತ್ರ ವಾರಂಟಿ. ಕೇಳಿ ನೋಡಿ, ವಾರಂಟಿ ಯಾವುದಕ್ಕೆ? ಸಾಮಾನ್ಯವಾಗಿ ಸ್ಟ್ರಕ್ಚರ್‌ಗೆ ಅಂತಾರೆ, ಅಂದ್ರೆ ಕಾಲಂ (ಕಂಬ), ಬೀಮ್ (ತೊಲೆ), ಮೋಲ್ಡ್. ಜನಕ್ಕೆ ತೊಂದ್ರೆ ಕೊಡೋದು ಬಾತ್‌ರೂಮ್ ಲೀಕು, ಗೋಡೆ ತೇವ, ಟೈಲ್ಸ್ ಎದ್ದು ಬರೋದು, ಅದಕ್ಕೆ ಹೆಚ್ಚಂದ್ರೆ ಒಂದು ವರ್ಷ ಬರೆದಿರ್ತಾರೆ. ಇನ್ನೊಂದು, ಬೆಂಗಳೂರಿನ ಕಂಪನಿ ಅಂದ್ರೂ ನಿಮ್ಮ ಸೈಟಲ್ಲಿ ಕಟ್ಟೋದು ಯಾರು? ಅವರೂ ಇಲ್ಲಿನ ಯಾವುದೋ ಮೇಸ್ತ್ರಿಗೇ ಪೀಸ್ ರೇಟಿಗೆ ಕೊಡ್ತಾರೆ. ಆ ಸೈಟ್ ಇಂಜಿನಿಯರ್ ಎಷ್ಟು ಸೈಟ್ ನೋಡ್ತಾನೆ, ದಾವಣಗೆರೆಯಲ್ಲೇ ಇರ್ತಾನಾ, ಇದು ಮುಖ್ಯ. ಅವರ ಪೇಮೆಂಟ್ ಪಟ್ಟಿನೂ ನೋಡಿದೆ, ಪ್ರತಿ ಹಂತಕ್ಕೂ ಕೆಲಸ ಶುರು ಆಗೋ ಮೊದಲೇ ದುಡ್ಡು ಕೇಳಿದಾರೆ. ನಿಮ್ಮ ಬ್ಯಾಂಕು ಕೆಲಸ ಆದ್ಮೇಲೆ ದುಡ್ಡು ಬಿಡುತ್ತೆ. ಮಧ್ಯದ ದುಡ್ಡು ಪ್ರತಿ ಸಲ ನಿಮ್ಮ ಕೈಯಿಂದ ಹೋಗ್ಬೇಕು, 8 ಲಕ್ಷ ಎಲ್ಲಿಗೆ ಸಾಲುತ್ತೆ?

ಲೋನ್ ಮಾತು ಬಂತು ಅಂತ ಹೇಳ್ತೀನಿ, ಬ್ಯಾಂಕಿಂದ ಬರೋ ಇಂಜಿನಿಯರ್ ಕೆಲಸ ಎಲ್ಲಿ ತನಕ ಬಂದಿದೆ ಅಂತ ನೋಡಿ ಫೋಟೋ ಹೊಡ್ಕೊಂಡು ಹೋಗ್ತಾರೆ, ಅವರು ಕ್ವಾಲಿಟಿ ಚೆಕ್ ಮಾಡಿದ್ರು ಅಂತ ಸಮಾಧಾನ ಪಟ್ಕೋಬೇಡಿ.

ತಮ್ಮ ಹೇಳಿದ ಲೇಬರ್ ಕಾಂಟ್ರಾಕ್ಟು. ಸ್ವಂತಕ್ಕೆ ಒಂದೇ ಮನೆ, ಲೇಬರ್ ಮಾತ್ರ ಅಂದ್ರೆ ಜಿಎಸ್‌ಟಿ ಬೀಳಲ್ಲ, ಸಿಮೆಂಟು ಕಬ್ಬಿಣ ಕಣ್ಣ ಮುಂದೆ ಇಳಿಯುತ್ತೆ, ಇವೆಲ್ಲಾ ನಿಜ. ಯಾರಾದ್ರೂ ರಿಟೈರ್ ಆದವರು, ದಿನಾ ಬೆಳಿಗ್ಗೆ ಎಂಟಕ್ಕೆ ಸೈಟಿಗೆ ಬಂದು ಕುರ್ಚಿ ಹಾಕ್ಕೊಂಡು ಕೂರೋರು ಇದ್ರೆ ನಾನೇ ಅದನ್ನ ಹೇಳ್ತೀನಿ. ನಿಮಗೆ ಸ್ಕೂಲಿದೆ. ಹತ್ತೂವರೆಗೆ ಕ್ಲಾಸಲ್ಲಿರೋವಾಗ ಫೋನ್ ಬರುತ್ತೆ, 'ಮೇಡಂ ಬೈಂಡಿಂಗ್ ವೈರ್ ಖಾಲಿ, ಎಂಟು ಜನ ಸುಮ್ನೆ ಕೂತಿದಾರೆ'. ಮಧ್ಯಾಹ್ನ 'ಎಂ ಸ್ಯಾಂಡ್ ಲಾರಿ ಬಂದಿದೆ, ಇಳಿಸ್ಕೊಳ್ಳೋಕೆ ಯಾರೂ ಇಲ್ಲ'. ಲೇಬರ್ ಮೇಸ್ತ್ರಿಗೆ ಸಿಮೆಂಟ್ ಉಳಿಸಬೇಕು ಅನ್ನೋ ಚಿಂತೆ ಇರಲ್ಲ, ಅದು ನಿಮ್ಮದು ತಾನೇ, ಮಳೆಗೆ ನೆನೆದ್ರೂ ನಿಮ್ಮದೇ. ತಮ್ಮ ಹೇಳೋ 4-5 ಲಕ್ಷದಲ್ಲಿ ಅರ್ಧ ಅಲ್ಲೇ ಸೋರಿ ಹೋಗುತ್ತೆ. ಕೊನೆಗೆ ಬಿರುಕು ಬಿಟ್ರೆ ಆ ಮೇಸ್ತ್ರಿ ಮೆಟೀರಿಯಲ್ ಸರಿ ಇರ್ಲಿಲ್ಲ ಅಂತಾನೆ. ತಮ್ಮನೇ ಆರೇಳು ತಿಂಗಳು ಸೈಟಲ್ಲಿ ನಿಲ್ತೀನಿ ಅಂದ್ರೆ ಬೇರೆ ಮಾತು.

ಹಾಗಾದ್ರೆ ಯಾರು? ನಾನಾಗಿದ್ರೆ ಎರಡನೆಯವರ ಜೊತೆ ಕೂತು ಮಾತಾಡ್ತಿದ್ದೆ. ಅವರ ಕೊಟೇಶನ್ನಿನ ಎರಡೂ ಪೇಜಲ್ಲಿ ಕಂಬಿ ಎಷ್ಟು ಎಂಎಂ, ಬ್ಲಾಕ್ ಎಷ್ಟು ಇಂಚು, ಟೈಲ್ಸ್ ಅಡಿಗೆ ಎಷ್ಟು ರೂಪಾಯಿ ತನಕ, ಮೇನ್ ಡೋರ್ ಯಾವ ಮರ ಅಂತ ಬರೆದಿದಾರೆ, ಅದು ಒಳ್ಳೆ ಲಕ್ಷಣ. ಆದ್ರೆ ಇವತ್ತೇ ಹೂಂ ಅನ್ಬೇಡಿ. ಅವರು ಕಟ್ಟಿದ ಎರಡು ಮನೆ ನೋಡಿ, ಒಂದು ಮುಗಿದು ಎರಡು ಮೂರು ವರ್ಷ ಆಗಿರೋದು, ಒಂದು ಈಗ ನಡೀತಿರೋದು.

ಹಳೇ ಮನೆಗೆ ಹೋದಾಗ ಹಾಲಲ್ಲಿ ಕೂತು ಕಾಫಿ ಕುಡಿದು ಬರಬೇಡಿ. ಬಾತ್‌ರೂಮ್ ಗೋಡೆಯ ಆಚೆ ಬದಿ ಯಾವ ರೂಮಿದೆ ಕೇಳಿ, ಆ ರೂಮಿನ ಗೋಡೆ ಕೆಳಗೆ ಬಣ್ಣ ಉಬ್ಬಿದೆಯಾ ನೋಡಿ. ಕಿಟಕಿ ಸಜ್ಜಾ ಕೆಳಗೆ, ಟೆರೇಸಲ್ಲಿ ಪ್ಯಾರಪೆಟ್ ಮೂಲೆ ನೋಡಿ. ಅಲ್ಲಿ ಇಲ್ಲಿ ಕೂದಲೆಳೆ ಬಿರುಕು ಕಂಡ್ರೆ ಗಾಬರಿ ಬೇಡ, ಕಾಲಂ ಮತ್ತೆ ಬ್ಲಾಕ್ ಗೋಡೆ ಸೇರೋ ಜಾಗದಲ್ಲಿ ಚಿಕನ್ ಮೆಶ್ (ತಂತಿ ಬಲೆ) ಹಾಕ್ದೇ ಪ್ಲಾಸ್ಟರ್ ಮಾಡಿದ್ರೆ ಬರುತ್ತೆ, ಅದು ಬೀಳೋ ಬಿರುಕಲ್ಲ. ಬಾಗಿಲ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿರೋದು, ಬೆರಳಿನ ಉಗುರು ಹೋಗುವಷ್ಟು ಅಗಲ ಇರೋದು, ಅದು ಪಾಯದ್ದು, ಅದನ್ನ ಬಿಡಬೇಡಿ. ಆಮೇಲೆ ಮನೆಯವರ ಹತ್ರ, ಅದೂ ಹೆಂಗಸರ ಹತ್ರ ಮಾತಾಡಿ, ಅವರು ನೇರ ಹೇಳ್ತಾರೆ. ಮೊದಲು ಹೇಳಿದ್ದಕ್ಕಿಂತ ಕೊನೆಗೆ ಎಷ್ಟು ಜಾಸ್ತಿ ಆಯ್ತು, ಮಧ್ಯ ಎಷ್ಟು ದಿನ ಕೆಲಸ ನಿಲ್ತು, ಗೃಹಪ್ರವೇಶ ಆದ್ಮೇಲೆ ಫೋನ್ ಎತ್ತಿದ್ರಾ.

ನಡೀತಿರೋ ಸೈಟಿಗೆ ಹೇಳದೇ ಹೋಗಿ. ಮೋಲ್ಡಿಗೆ ಕಂಬಿ ಕಟ್ಟಿರೋ ದಿನ ಸಿಕ್ರೆ ಅದೃಷ್ಟ. ಬಗ್ಗಿ ಕಂಬಿ ಕೆಳಗೆ ನೋಡಿ, ಸಿಮೆಂಟಿನ ಚಿಕ್ಕ ಬಿಲ್ಲೆ ಇಟ್ಟಿರ್ಬೇಕು, ಕವರ್ ಬ್ಲಾಕ್ ಅಂತಾರೆ, ಮೋಲ್ಡಿಗೆ 20 ಎಂಎಂ, ಬೀಮ್‌ಗೆ 25, ಕಾಲಂಗೆ 40. ಅದರ ಬದಲು ಜಲ್ಲಿ ಚೂರು ಸಿಗಿಸಿದ್ರೆ, ಅಥವಾ ಕಂಬಿ ಶೀಟಿಗೇ ಅಂಟಿಕೊಂಡಿದ್ರೆ, ಹತ್ತು ಹನ್ನೆರಡು ವರ್ಷಕ್ಕೆ ಆ ಮನೆ ಮಾಳಿಗೆಯ ಕೆಳಗೆ ತುಕ್ಕಿನ ಗೆರೆ ಮೂಡಿ ಸಿಮೆಂಟ್ ಉದುರೋಕೆ ಶುರು ಆಗುತ್ತೆ. ಎರಡು ಮೂರು ರೂಪಾಯಿ ಬಿಲ್ಲೆ ಅದು. ಅದನ್ನ ಇಡೋ ಮನುಷ್ಯ ಉಳಿದಿದ್ದನ್ನೂ ಸುಮಾರಾಗಿ ಸರಿಯಾಗಿ ಮಾಡ್ತಾನೆ, ಇದು ನಾನು ಕಂಡುಕೊಂಡಿರೋದು. ಹಾಗೇ ಸಿಮೆಂಟ್ ಚೀಲ ಹಲಗೆ ಮೇಲಿದೆಯಾ ನೆಲದ ಮೇಲಿದೆಯಾ, ಕಾಲಂಗೆ ಗೋಣಿ ಸುತ್ತಿ ನೀರು ಹೊಡೆದಿದಾರಾ, ಗೋಣಿ ಮುಟ್ಟಿ ನೋಡಿ, ಒಣಗಿದ್ರೆ ಬರೀ ತೋರಿಕೆಗೆ ಸುತ್ತಿರೋದು. ಸಿಮೆಂಟ್ ಬ್ರಾಂಡ್ ಯಾವುದು ಅಂತ ಜನ ತಲೆ ಕೆಡಿಸ್ಕೋತಾರೆ, ಐಎಸ್‌ಐ ಮಾರ್ಕಿನ ಯಾವ ಸಿಮೆಂಟಾದ್ರೂ ನಡೆಯುತ್ತೆ, ಚೀಲದ ಮೇಲಿನ ತಾರೀಖು ಮೂರು ತಿಂಗಳು ದಾಟಿರಬಾರದು ಅಷ್ಟೇ. ಮನೆ ಕೆಡೋದು ನೀರಲ್ಲಿ. ಕಾಂಕ್ರೀಟಿಗೆ ಜಾಸ್ತಿ ನೀರು, ಆಮೇಲೆ ಅದನ್ನ ನೆನೆಸಿಡೋ ಕ್ಯೂರಿಂಗಿಗೆ ಕಮ್ಮಿ ನೀರು. 50 ಕೆಜಿ ಚೀಲಕ್ಕೆ 27 ಲೀಟರ್ ಹತ್ರ ಸಾಕು, ಎಂ ಸ್ಯಾಂಡಲ್ಲಿ ಇರೋ ತೇವನೂ ಲೆಕ್ಕಕ್ಕೆ ಸೇರಿ. ಆದ್ರೆ ಮಿಕ್ಸರ್ ಹತ್ರ ನಿಂತವನು ಹರಡೋಕೆ ಸುಲಭ ಆಗ್ಲಿ ಅಂತ ಪೈಪ್ ಬಿಡ್ತಾನೆ, ಮೇಲಿಂದ ಇನ್ನೊಬ್ಬ 'ಇನ್ನೊಂಚೂರು ತೆಳ್ಳಗೆ ಮಾಡೋ' ಅಂತ ಕೂಗ್ತಾನೆ. ಅಲ್ಲಿ ಒಂದು ಬಕೆಟ್ ಇಟ್ಟು ಅಳತೆ ಮಾಡಿಸೋ ಕಾಂಟ್ರಾಕ್ಟರ್ ಸಿಕ್ರೆ ಬಿಡಬೇಡಿ.

ಕಂಬಿ ಬಗ್ಗೆ ಒಂದು ಸುಲಭದ ಪರೀಕ್ಷೆ ಹೇಳ್ತೀನಿ, ಲೆಕ್ಕದ ಟೀಚರ್ ಆಗದಿದ್ರೂ ಮಾಡ್ಬಹುದು. 12 ಎಂಎಂ ಕಂಬಿ ಪೂರ್ತಿ ಉದ್ದ 12 ಮೀಟರ್ ಇರುತ್ತೆ, ತೂಕ ಸುಮಾರು 10.6 ಕೆಜಿ ಬರ್ಬೇಕು. 10ಕ್ಕಿಂತ ಕೆಳಗೆ ಬಂದ್ರೆ ಲಾರಿ ವಾಪಸ್. ಲೋಡ್ ಇಳಿಯೋ ದಿನ ತೂಕ ಹಾಕಿಸ್ತೀನಿ ಅಂತ ಮೊದಲೇ ಹೇಳಿಬಿಡಿ, ಹೇಳಿದ್ರೇನೇ ಅರ್ಧ ಕೆಲಸ ಆಗುತ್ತೆ.

ನಿಮ್ಮ ಕೇಸಲ್ಲಿ ದೊಡ್ಡ ರಿಸ್ಕ್ ಇರೋದು ಪಾಯದಲ್ಲಿ, ಕಾಂಟ್ರಾಕ್ಟರ್ ಎಷ್ಟೇ ಒಳ್ಳೆಯವನಾದ್ರೂ. ಕಪ್ಪು ಮಣ್ಣು ನೀರು ಕುಡಿದ್ರೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತೆ, ಹೊಲದಲ್ಲಿ ಕಾಲು ಸಿಕ್ಕೊಳ್ಳೋ ಅಷ್ಟು ಬಿರುಕು ನೋಡಿರ್ತೀರಲ್ಲ, ಅದೇ ಮಣ್ಣಿನ ಮೇಲೆ ಗೋಡೆ ನಿಲ್ಲಿಸಿದ್ರೆ ಪ್ರತಿ ವರ್ಷ ಮನೆಯನ್ನ ಎತ್ತಿ ಇಳಿಸಿ ಮಾಡುತ್ತೆ. ಅದನ್ನ ದಾಟಿ ಕೆಳಗೆ ಗರಸು, ಅಂದ್ರೆ ಗಟ್ಟಿ ಜಲ್ಲಿ ಮಣ್ಣು, ಸಿಗೋ ತನಕ ಹೋಗ್ಬೇಕು, ಗುಂಡಿಯಿಂದ ತೆಗೆದ ಕಪ್ಪು ಮಣ್ಣನ್ನೇ ವಾಪಸ್ ತುಂಬಬಾರದು, ಗರಸು ತಂದು ತುಂಬಿ ನೀರು ಹಾಕಿ ಕುಟ್ಟಬೇಕು, ಪ್ಲಿಂಥ್ ಬೀಮ್, ಅಂದ್ರೆ ಪಾಯದ ಮೇಲಿನ ಕಾಂಕ್ರೀಟ್ ತೊಲೆ, ಎಲ್ಲಾ ಗೋಡೆ ಕೆಳಗೂ ಓಡಬೇಕು. ಗರಸು 5 ಅಡಿಗೆ ಸಿಗುತ್ತೋ 9 ಅಡಿಗೋ ಈಗ ಯಾರೂ ಹೇಳೋಕಾಗಲ್ಲ, ಜಗಳ ಆಗೋದು ಇಲ್ಲೇ. ಅಗ್ರಿಮೆಂಟ್ ಮಾಡೋಕೂ ಮೊದಲು ಸೈಟಿನ ಎರಡು ಮೂಲೆಯಲ್ಲಿ ಜೆಸಿಬಿ ಕರೆಸಿ ಗುಂಡಿ ತೆಗೆಸಿ ನೋಡಿಬಿಡಿ. ಜೊತೆಗೆ ಸಾಯಿಲ್ ಟೆಸ್ಟ್ ಮಾಡಿಸಿ, 35 ಲಕ್ಷದ ಮುಂದೆ ಅದೊಂದು ಖರ್ಚೇ ಅಲ್ಲ. ಆ ರಿಪೋರ್ಟ್ ಮೇಲೆ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಡ್ರಾಯಿಂಗ್ ಮಾಡಿಸಿ. ಪಾಲಿಕೆಗೆ ಪಾಸ್ ಮಾಡಿಸೋಕೆ ಬರೆಸಿದ ಪ್ಲಾನೇ ಡ್ರಾಯಿಂಗ್ ಅಂದ್ಕೊಂಡಿರೋರು ತುಂಬಾ ಜನ ಇದಾರೆ, ಅದರಲ್ಲಿ ಕಂಬಿ ಎಷ್ಟು ಅಂತ ಇರೋದೇ ಇಲ್ಲ, ಆಮೇಲೆ ಮೇಸ್ತ್ರಿ 'ನಮ್ ಕಡೆ ಹಿಂಗೇ ಹಾಕೋದು' ಅಂತ ಹಾಕ್ತಾನೆ.

ಪಾಸ್ ಆದ ಪ್ಲಾನ್ ಬಿಟ್ಟು ಒಂದಡಿ ಆಚೆ ಎಳೆಯೋಣ ಅಂತ ಕಾಂಟ್ರಾಕ್ಟರ್ರೇ ಆಸೆ ತೋರಿಸ್ತಾರೆ. ಬೇಡ. 2024ರ ಡಿಸೆಂಬರ್‌ನಲ್ಲಿ ಪ್ಲಾನ್ ಮೀರಿ ಕಟ್ಟಿದ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಎಷ್ಟೋ ಮನೆಗೆ ಕರೆಂಟ್ ಕನೆಕ್ಷನ್ನೇ ಸಿಗದೆ ಅಲೆದಾಡಿದ್ದು ನೋಡಿದೀನಿ. ಚಿಕ್ಕ ಸೈಟಿನ ನಿಯಮ ಆಗಾಗ ಬದಲಾಗುತ್ತೆ, ಶುರು ಮಾಡೋ ಮೊದಲು ಪಾಲಿಕೆ ಮತ್ತೆ ಬೆಸ್ಕಾಂ ಆಫೀಸಲ್ಲಿ ಕೇಳ್ಕೊಳ್ಳಿ.

ಅಗ್ರಿಮೆಂಟ್ ಸ್ಟಾಂಪ್ ಪೇಪರ್ ಮೇಲೆ ಆಗ್ಲಿ, ಕೊಟೇಶನ್ನೂ ಡ್ರಾಯಿಂಗೂ ಅದಕ್ಕೇ ಲಗತ್ತಿಸಿ ಎರಡೂ ಕಡೆ ಸೈನ್. ದುಡ್ಡು ಹಂತ ಹಂತವಾಗಿ, ಕೆಲಸ ಆದ್ಮೇಲೆ. ನಾನು ಬರೆಸೋದು ಹೀಗೆ: ಶುರುವಿಗೆ 5 ಪರ್ಸೆಂಟ್, ಪ್ಲಿಂಥ್ ಮುಗಿದ ಮೇಲೆ 15, ಕೆಳಗಿನ ಮೋಲ್ಡ್ ಆದ್ಮೇಲೆ 20, ಮೇಲಿನ ಮೋಲ್ಡಿಗೆ 20, ಪ್ಲಾಸ್ಟರಿಂಗ್ ಆದಾಗ 15, ಟೈಲ್ಸ್ ವೈರಿಂಗ್ ಪ್ಲಂಬಿಂಗಿಗೆ 12, ಬಣ್ಣ ಮುಗಿಸಿ ಕೀ ಕೊಟ್ಟಾಗ 8, ಉಳಿದ 5 ಒಂದು ಮಳೆಗಾಲ ಕಳೆದ ಮೇಲೆ. ಈ ಕೊನೇ 5 ಪರ್ಸೆಂಟಿಗೆ ಕಾಂಟ್ರಾಕ್ಟರ್ ಗೊಣಗ್ತಾರೆ, ಗೊಣಗಲಿ, ಗೃಹಪ್ರವೇಶ ಆದ್ಮೇಲೆ ಫೋನ್ ಎತ್ತಿಸೋದು ಅದೇ. ಆದ್ರೆ ನೀವೂ ಹಂತ ಮುಗಿದ ವಾರದೊಳಗೆ ದುಡ್ಡು ಕೊಡ್ಬೇಕು, ಬ್ಯಾಂಕ್ ಲೇಟ್ ಮಾಡುತ್ತೆ ಅಂತ ಒಂದು ತಿಂಗಳು ಎಳೆದ್ರೆ ಅವನು ಜನಾನ ಬೇರೆ ಸೈಟಿಗೆ ಕಳಿಸ್ತಾನೆ, ಅದು ಅವನ ತಪ್ಪಲ್ಲ. ಪಾಯ ಆಳ ಜಾಸ್ತಿ ಆದ್ರೆ ಅಡಿಗೆ ಎಷ್ಟು, ಸಿಮೆಂಟ್ ಕಬ್ಬಿಣದ ರೇಟ್ ಏರಿದ್ರೆ ಯಾರ ತಲೆಗೆ, ಎಕ್ಸ್‌ಟ್ರಾ ಕೆಲಸ ನಿಮ್ಮ ವಾಟ್ಸಾಪ್ ಒಪ್ಪಿಗೆ ಇಲ್ಲದೆ ಮಾಡಂಗಿಲ್ಲ, ಬಾತ್‌ರೂಮಲ್ಲಿ ಟೈಲ್ಸ್ ಹಾಕೋ ಮೊದಲು ಎರಡು ದಿನ ನೀರು ನಿಲ್ಲಿಸಿ ತೋರಿಸಬೇಕು, ಇವೂ ಇರಲಿ. ಕೆಲಸದವರಿಗೆ ಏನಾದ್ರೂ ಆದ್ರೆ ಯಾರ ಜವಾಬ್ದಾರಿ ಅನ್ನೋದನ್ನೂ ಬರೆಸಿ, ಸೆಂಟ್ರಿಂಗ್ ಮೇಲಿಂದ ಬಿದ್ರೆ ಓನರ್ ಮನೆಗೇ ಮೊದಲು ಬರ್ತಾರೆ.

ಕೊನೇದು, ಕಾಂಟ್ರಾಕ್ಟರ್‌ಗೆ ಸಂಬಂಧ ಇಲ್ಲದ ಒಬ್ಬ ಇಂಜಿನಿಯರನ್ನ ವಿಸಿಟ್ ಲೆಕ್ಕದಲ್ಲಿ ಇಟ್ಕೊಳ್ಳಿ. ದಿನಾ ಬೇಡ. ಪಾಯದ ತಳ ನೋಡೋಕೆ, ಕಾಲಂ ಕಂಬಿಗೆ, ಎರಡು ಮೋಲ್ಡಿನ ಹಿಂದಿನ ದಿನ, ಬಾತ್‌ರೂಮ್ ವಾಟರ್‌ಪ್ರೂಫಿಂಗ್ ಹೊತ್ತಿಗೆ, ಎಂಟತ್ತು ವಿಸಿಟ್ ಸಾಕು. ಅವರು ಓಕೆ ಅಂದ್ಮೇಲೇ ಆ ಹಂತದ ದುಡ್ಡು ಅಂತ ಅಗ್ರಿಮೆಂಟಲ್ಲೇ ಹಾಕಿ. ಈ ಮಾತಿಗೆ ಎರಡನೆಯವರು ಮುಖ ಸಣ್ಣಗೆ ಮಾಡದೇ 'ಬರ್ಲಿ ಮೇಡಂ' ಅಂದ್ರೆ ಕೆಲಸ ಕೊಡಿ. 'ನಮ್ ಮೇಲೆ ನಂಬಿಕೆ ಇಲ್ವಾ' ಅಂದ್ರೆ ನಾಲ್ಕನೇ ಕೊಟೇಶನ್ ತಗೊಳ್ಳಿ.

ಮೊದಲು ಆ ಜೆಸಿಬಿ ಗುಂಡಿ ತೆಗೆಸಿ. ಟೇಪ್ ಇಳಿಬಿಟ್ಟು, ಗರಸು ಎಷ್ಟಡಿಗೆ ಸಿಕ್ತು ಕಾಣೋ ಹಾಗೆ ಎರಡೂ ಗುಂಡಿಯ ಫೋಟೋ ಕಳಿಸಿ, ಪಾಯದ ಎಕ್ಸ್‌ಟ್ರಾ ರೇಟ್ ಎಷ್ಟಕ್ಕೆ ಒಪ್ಪಬಹುದು ಅನ್ನೋದನ್ನ ಅದನ್ನ ನೋಡಿ ಹೇಳ್ತೀನಿ.